ನಿನ್ನನ್ನು ಬಲ್ಲವರು ಯಾರು

ಜೂನ್ 8, ಭಾನುವಾರ. ಸಂಜೆ 5

ಇವತ್ತೂ ಅದೇ. ಊಟವಾದ ಮೇಲೆ ಮಾಳಿಗೆಯ ಕೋಣೆ, ಚಾಪೆ, ಇಪ್ಪತ್ತು ಮುಖದ ದಾಳ, ಚಿಪ್ಸ್ ಪಾಕೀಟು. ಅನುಷಾಳ ಆಟಕ್ಕೆ ಒಬ್ಬ ಕಡಿಮೆ ಬಿದ್ದು ಮೂರು ವಾರವಾಯಿತು. ಆ ಜಾಗದಲ್ಲಿ ಅವಳಪ್ಪ, ಅಂದರೆ ನಾನು. ಮಗಳು ತಾನಾಗಿ ಕರೆದು ಎಷ್ಟು ವರ್ಷವಾಗಿತ್ತೋ. ಹೋದೆ.

ಆಟ ಇಷ್ಟು. ಒಂದು ಕೋಟೆಯ ಊರು. ನಕ್ಷೆಗೆ ಕುರುಗೋಡಿನ ಗುಡ್ಡವನ್ನೇ ಬರೆದುಕೊಂಡಿದ್ದಾಳೆ — ಅವಳ ತಾಯಿಯ ತವರು, ಸಣ್ಣವಳಿದ್ದಾಗ ಹತ್ತಿ ಇಳಿದ ಬಂಡೆಗಳು. ಅಲ್ಲಿ ಮಂತ್ರ ಬಲ್ಲವರಿಗೆ ಶಿಕ್ಷೆ; ಮಂತ್ರ ಹೇಳಿದರೆ ಕೈಯಲ್ಲಿ ಕಲೆ ಉಳಿಯುತ್ತದೆ. ಆಡುವ ನಾವು ಮೂವರೂ ಗುಟ್ಟಾಗಿ ಮಂತ್ರ ಬಲ್ಲವರು. ಹೊರಗೆ ತೋರಿಸಲು ಒಂದು ಕಸುಬು ಬೇಕು. ಕವರ್ ಜಾಬ್ ಅನ್ನುತ್ತಾರೆ. ಕಾವಲುಗಾರ ಬಾಗಿಲಲ್ಲಿ ತಡೆದು ಮೂರು ಮಾತು ಕೇಳುತ್ತಾನೆ: ಕೈ ತೋರಿಸು. ಸಾಮಾನು ತೋರಿಸು. ನಿನ್ನನ್ನು ಬಲ್ಲವರು ಯಾರು? ಮೂರಕ್ಕೂ ಉತ್ತರ ಕೊಟ್ಟವರು ಒಳಗೆ.

ಮಾರೇಶ — ಅನುಷಾಳ ಕ್ಲಾಸ್‌ಮೇಟ್, ಮಾತು ಜಾಸ್ತಿ — ಗಿಡಮೂಲಿಕೆ ವೈದ್ಯನಾದ. ಮೂರ್ಖ. ಮೊದಲು ಹಿಡಿಯುವುದು ಅವರನ್ನೇ. ಭಾಗ್ಯ ಜಾಣೆ. ಅವಳಪ್ಪ ಜೀನ್ಸ್ ವಾಶಿಂಗ್ ಯೂನಿಟ್‌ನಲ್ಲಿದ್ದಾನೆ. "ನಾ ಬಣ್ಣ ಹಾಕಾಕಿ. ಕೈ ಮೊದ್ಲೇ ನೀಲಿ ಇರ್ತಾವ, ಮಂತ್ರದ ಕಲಿ ಯಾವನಿಗೆ ಕಾಣಬೇಕು?" ಅಂದಳು.

ನನ್ನ ಹಾಳೆಯಲ್ಲಿ ಕಸುಬಿನ ಸಾಲು ಖಾಲಿ. "ಅಪ್ಪಾ, ಮುಂದಿನ ವಾರ ಬರೀಲೇಬೇಕು" ಅಂದಳು ಅನುಷಾ. ಯೋಚಿಸುತ್ತಿದ್ದೇನೆ ಅಂದೆ. ಯೋಚಿಸುವುದು ಏನೂ ಇರಲಿಲ್ಲ. ಕಸುಬು ಮೊದಲ ದಿನವೇ ಹೊಳೆದಿತ್ತು. ಬರೆಯಲು ಕೈ ಬರಲಿಲ್ಲ.

ಜೂನ್ 11. ಅಂಗಡಿ

ಬೆಳಿಗ್ಗೆಯಿಂದ ಒಂಬತ್ತು ಅಫಿಡವಿಟ್. ಕೋರ್ಟಿನ ಎದುರಿನ ಈ ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರೆಯವರ ಸತ್ಯ ಟೈಪ್ ಮಾಡುತ್ತಿದ್ದೇನೆ. 'ಮೇಲ್ಕಂಡ ಸಂಗತಿಗಳೆಲ್ಲವೂ ನನ್ನ ತಿಳುವಳಿಕೆಯ ಮಟ್ಟಿಗೆ ಸತ್ಯ.' ಈ ಸಾಲು ಬಂದರೆ ಬೆರಳು ತಾವಾಗಿ ಓಡುತ್ತವೆ.

ಊರಿಂದ ಪಂಪಣ್ಣನ ಫೋನು. ಅವನ ತಾಯಿ, ನನ್ನ ಚಿಗವ್ವ ಪಕ್ಕೀರಮ್ಮ — ನಮ್ಮವ್ವನ ತಂಗಿ — ಬಳ್ಳಾರಿಗೆ ಬರುತ್ತಾಳಂತೆ. ಮೇಲಿನ ಹಲ್ಲಿನ ಸೆಟ್ ಕಟ್ಟಿಸಬೇಕು. ಬರಲಿ ಅಂದೆ. ಫೋನ್ ಇಟ್ಟ ಮೇಲೆ ಮೈಯೆಲ್ಲ ಸಿಟ್ಟು. ಯಾರ ಮೇಲೆ ಎಂದು ಬರೆಯಲು ಹೊರಟೆ. ಗಿರಾಕಿ ಬಂದ.

ಜೂನ್ 15, ಭಾನುವಾರ

ಕಸುಬು ಹೇಳಿಬಿಟ್ಟೆ. ಆಟದಲ್ಲಿ ನಾನು ಭತ್ತ ನಾಟಿ ಮಾಡುವವಳು.

"ಏನ್ ಅಂಕಲ್, ಪವರ್ ಇರಾಕಿ ಹೋಗಿ ಕೆಸರಾಗ ಬಗ್ಗಿ ನಿಂದರ್ತಾಳಾ?" — ಮಾರೇಶ.

ಅದಕ್ಕೇ, ಅಂದೆ. ಸಾಲಾಗಿ ಬಗ್ಗಿದ ಹನ್ನೆರಡು ಬೆನ್ನು. ಯಾರ ಮುಖವೂ ಕಾಣುವುದಿಲ್ಲ. ನಾಟಿಯ ಹಾಡಿಗೆ ಎಲ್ಲರ ತುಟಿಗಳೂ ಆಡುತ್ತವೆ. ನಡುವೆ ಒಬ್ಬಳು ಬೇರೇನೋ ಹೇಳಿಕೊಂಡರೆ ಯಾರಿಗೆ ಗೊತ್ತು?

ಅನುಷಾ ಪೆನ್ನು ಕಚ್ಚಿಕೊಂಡು ನನ್ನನ್ನೇ ನೋಡಿದಳು. "ಭಾರಿ ಐತಿ ಅಪ್ಪಾ." ಖುಷಿಯಾಯಿತು. ನಾಚಿಕೆಯಾಗಬೇಕಿತ್ತು.

ಕಾವಲುಗಾರ ತಡೆದ. ಕೈ — ಬೆರಳ ಸಂದಿಯನ್ನು ಕೆಸರು ತಿಂದಿದೆ, ಪಾಸ್. ಸಾಮಾನು — ಸಸಿಯ ಕಟ್ಟು, ಪಾಸ್. ಮೂರನೆಯದಕ್ಕೆ ದಾಳ ಉರುಳಿಸಿದೆ. ಇಪ್ಪತ್ತರಲ್ಲಿ ಎರಡು ಬಿತ್ತು. ಬಲ್ಲೆ ಎನ್ನುವವರು ಯಾರೂ ಬರಲಿಲ್ಲ. ಸಿಕ್ಕಿಬಿದ್ದೆ.

"ಹಲ್ಲು ಕೀಳ್ರಿ ಆಕೀವು" ಅಂದ ಮಾರೇಶ, ಚಿಪ್ಸ್ ಜಗಿಯುತ್ತ. "ಮುಂದಿನ ನಾಕು ಕಿತ್ರ ಮಂತ್ರ ಉಚ್ಚಾರ ಆಗಂಗಿಲ್ಲ. ಹಿಂದ ಹಂಗ ಮಾಡ್ತಿದ್ರಂತ, ನಮ್ಮಜ್ಜಿ ಹೇಳ್ತಿದ್ಲು. ರೂಲ್ಸ್‌ನಾಗ ಹಾಕ್ಕೋ ಅನುಷಾ, ಮಸ್ತ್ ಐತಿ."

ಚಾಪೆ ಎಳೆದೆ. ದಾಳ, ನಕ್ಷೆ, ಹಾಳೆಗಳು ಎಲ್ಲ ಗೋಡೆಗೆ. "ಏಳಲೇ ಮ್ಯಾಲೆ! ನಡಿ ಹೊರಗ!" ನನ್ನದೇ ದನಿ. ಕೇಳಿದರೆ ತೀರಿಹೋದ ನಮ್ಮಪ್ಪನದು.

ಮಾರೇಶ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ. ಭಾಗ್ಯ ಅತ್ತಳು. "ಆಟ ಅಪ್ಪಾ ಅದು," ಅಂದಳು ಅನುಷಾ, "ಬರೇ ಆಟ." ನಕ್ಷೆ ಹರಿದಿತ್ತು. ಎತ್ತಿಕೊಂಡು ಹೋದಳು.

ಅವನು ತಪ್ಪೇನು ಹೇಳಿದ? ಎಲ್ಲ ಸರಿಯಾಗಿಯೇ ಹೇಳಿದ. ನಾಲ್ಕು ಎಂಬುದೂ ಸರಿ.

ಜೂನ್ 16. ಅಂಗಡಿ, ಮಧ್ಯಾಹ್ನ. ಶಟರ್ ಅರ್ಧ ಎಳೆದು

ಬರೆದುಬಿಡುತ್ತೇನೆ.

1987. ಸಿರುಗುಪ್ಪದಿಂದ ಆಚೆ, ನಮ್ಮೂರು. ನನಗೆ ಹನ್ನೊಂದು. ಚಿಗವ್ವ ನಾಟಿಗೆ ಹೋಗುವವಳು. ಚೇಳಿನ ಮಂತ್ರ ಬಲ್ಲಳು ಎಂಬುದು ನಾಲ್ಕು ಮನೆಗೆ ಮಾತ್ರ ಗೊತ್ತು. ಇದೆಲ್ಲ ಆಗುವ ಒಂದು ತಿಂಗಳ ಮುಂಚೆ ನನಗೇ ಚೇಳು ಕಡಿದಿತ್ತು. ಬೇವಿನ ಸೊಪ್ಪು ಹಿಡಿದು ತೊಡೆಯಿಂದ ಪಾದಕ್ಕೆ ಇಳಿಸಿದಳು, ತುಟಿ ಆಡಿಸುತ್ತ. ನೋವು ಮಂತ್ರಕ್ಕೆ ಇಳಿಯಿತೋ ತಾನೇ ಇಳಿಯುತ್ತಿತ್ತೋ, ಗೊತ್ತಿಲ್ಲ. ಅವಳ ತೊಡೆಯ ಮೇಲೆ ನಿದ್ದೆ ಬಂತು.

ಆಮೇಲೆ ಓಣಿಯಲ್ಲಿ ಒಂದು ಮಗು ತೀರಿಕೊಂಡಿತು. ಭಾನಾಮತಿ ಅಂದರು. ಮಾಟ ಮಾಡಿದವಳು ಇವಳೇ ಅಂದರು. ಅಪ್ಪ ನನ್ನನ್ನು ಗದ್ದೆಗೆ ಕಳಿಸಿದ: "ಚಿಗವ್ವನ್ನ ಕರ್ಕೊಂಡು ಬಾ. ಅವ್ವ ಕರೀತಾಳ ಅನ್ನು." ಅವ್ವ ಕರೆದಿರಲಿಲ್ಲ. ಕೈ ಹಿಡಿದುಕೊಂಡು ಬಂದೆ. ಅವಳ ಕೈ ತುಂಬ ಕೆಸರು.

ಕಟ್ಟೆಯ ಮುಂದೆ ಐದಾರು ಗಂಡಸರು. "ನಾ ಏನ್ ಮಾಡೀನ್ರಿ? ಬೇಕಾದ್ರ ಈ ಕೂಸನ್ನ ಕೇಳ್ರಿ, ಇವನಿಗೆ ಗೊತ್ತೈತಿ" ಅಂದಳು. ಅಪ್ಪ ಕೇಳಿದ: "ತುಟಿ ಆಡಸ್ತಿದ್ಲೇನಲೇ?"

"ಹೌದು" ಅಂದೆ.

ನನ್ನ ತಿಳುವಳಿಕೆಯ ಮಟ್ಟಿಗೆ ಸತ್ಯ. ಅವಳ ತೊಡೆಯ ಮೇಲೆ ಮಲಗಿದ್ದೆ, ನೋವು ಹೋಗಿತ್ತು — ಅದನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಕ್ಕಳ ನಮ್ಮ ಮನೆಯದೇ, ಬಂಡಿ ರಿಪೇರಿಯದು. ಹಿಡಿದ ಕೈ ಅಪ್ಪನದು.

ಆಸ್ಪತ್ರೆಯಲ್ಲಿ ಹೇಳಿದ್ದು, ನೀರು ಹೊಡೆಯುವಾಗ ಬೋರಿಂಗ್ ಹ್ಯಾಂಡಲ್ ಬಡಿಯಿತು ಅಂತ. ಅಕ್ಕನ ಸಂಸಾರ ಒಡೆಯಬಾರದೆಂದು ಅವಳೂ ಅದನ್ನೇ ಹೇಳಿಕೊಂಡು ಬಂದಳು. ಮೂವತ್ತೆಂಟು ವರ್ಷ. ಅಪ್ಪನ ಫೋಟೋ ನಮ್ಮ ನಡುಮನೆಯಲ್ಲಿದೆ. ಅನುಷಾ ಪ್ರತಿ ಸೋಮವಾರ ಹೂ ಹಾಕುತ್ತಾಳೆ. ಇವತ್ತೂ ಹಾಕಿದಳು. ತಾತ ದೊಡ್ಡ ನ್ಯಾಯವಂತ ಅಂತ ಅವಳಿಗೆ ಹೇಳಿದವನು ನಾನೇ.

ಜುಲೈ 4

ಹತ್ತೊಂಬತ್ತು ದಿನ. ಅನುಷಾ ನನ್ನೊಡನೆ ಮಾತಾಡಿಲ್ಲ. ಬೇಕಾದ್ದನ್ನೆಲ್ಲ ಅವಳ ತಾಯಿ ಮಂಜಮ್ಮನಿಗೆ ಹೇಳುತ್ತಾಳೆ, ಮಂಜಮ್ಮ ನನಗೆ ಹೇಳುತ್ತಾಳೆ.

ಚಿಗವ್ವ ನಿನ್ನೆ ಬಂದಳು. ಸಿರುಗುಪ್ಪ ಬಸ್ಸಿನಿಂದ ಇಳಿದವಳೇ, "ಏನಲೇ ವಿರೂಪಾಕ್ಷಿ, ನಿನ್ ತಲಿ ಬೋಳು, ನನ್ ಬಾಯಿ ಬೋಳು. ಜೋಡಿ ಆತು" ಎಂದು ನಕ್ಕಳು, ಸೆರಗು ಬಾಯಿಗೆ ಒತ್ತಿ. ಯಾವತ್ತೂ ಸೆರಗು ಒತ್ತಿಯೇ ನಗುವುದು.

ಇವತ್ತು ಅಳತೆ ತೆಗೆದರು. ಡಾಕ್ಟರು ಚಿಕ್ಕ ಹುಡುಗಿ. "ಮುಂದಿನವು ಬಹಳ ಹಿಂದೇನೇ ಹೋಗಿವೆಯಲ್ಲಮ್ಮ, ಏನಾಗಿತ್ತು?"

"ಬೋರಿಂಗ್ ಹ್ಯಾಂಡಲ್ ಬಡೀತ್ರಿ."

ತಡವರಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ಗೋಡೆಯ ಮೇಲಿನ ದವಡೆಯ ಚಿತ್ರ ನೋಡುತ್ತ ನಿಂತೆ. ಬಾಯಿ ತೆರೆದರೆ ಸಾಕಿತ್ತು.

ಸಂಜೆ ಅನುಷಾ ಅವಳ ಪಕ್ಕ ಕೂತು, "ಅಜ್ಜಿ, ಮಂತ್ರ ಬಲ್ಲಾಕಿ ಯಾವ ಕೆಲಸ ಮಾಡ್ಕೊಂಡಿದ್ರ ಯಾರಿಗೂ ಸಿಗಂಗಿಲ್ಲ?" ಎಂದು ಕೇಳಿದಳು. ಆಟಕ್ಕೆ ಕೇಳಿದ್ದು.

ಚಿಗವ್ವ ಬೆರಳಿನಿಂದ ಒಸಡು ಸವರಿಕೊಂಡಳು. "ಗಿಣಿ ಶಾಸ್ತ್ರ ಹೇಳಾಕಿ ಮಾಡವ್ವಾ. ಅದು ಸುಳ್ಳಂತ ಎಲ್ಲಾರಿಗೂ ಗೊತ್ತು. ಸುಳ್ಳು ಹೇಳಾಕೀನ ಯಾರೂ ಹೊಡಿಯಂಗಿಲ್ಲ."

"ಆದ್ರ ನಾ ಬಲ್ಲೆ ಅನ್ನಾಕ ಒಬ್ರು ಬೇಕಲ್ಲ ಅಜ್ಜಿ?"

"ಯಾರನ್ನರ ಕರ್ಕೋ. ನಿಮ್ಮಪ್ಪನ್ನ ಮಾತ್ರ ಕರೀಬ್ಯಾಡ."

ಇಬ್ಬರೂ ನಕ್ಕರು. ಅನುಷಾ ತಮಾಷೆಗೆ ನಕ್ಕಳು.

ಮರೆತಿಲ್ಲ, ಹಾಗಾದರೆ. ಒಂದು ದಿನವಾದರೂ ಕೆನ್ನೆಗೆ ಹೊಡೆಯಬಾರದಿತ್ತೆ? ದೀಪಾವಳಿಗೆ ಕರ್ಚಿಕಾಯಿ ಕಳಿಸುತ್ತಿದ್ದಳು. ತಾನು ಕಚ್ಚಲಾಗದ ಕರ್ಚಿಕಾಯಿ. ನಾನು ತಿಂದೆ.

ಜುಲೈ 9

ಅನುಷಾಳಿಗೆ ಹೇಳಬೇಕೆಂದು ಅಡುಗೆಮನೆಗೆ ಹೋದೆ. ನೀರು ಕುಡಿದು ಬಂದೆ.

ಅಪ್ಪನ ಫೋಟೋ ಇಳಿಸಿ ಕಪಾಟಿನ ಹಿಂದೆ ಇಟ್ಟೆ. ಮಂಜಮ್ಮ ಕೇಳಿದ್ದಕ್ಕೆ ಗಾಜು ಒಡೆದಿದೆ ಅಂದೆ. ಒಡೆದಿಲ್ಲ.

ಜುಲೈ 20, ಭಾನುವಾರ. ಸಂಜೆ 6

ಹಲ್ಲಿನ ಸೆಟ್ ಶುಕ್ರವಾರ ಬಂತು. ಮೆತ್ತಗಿನದನ್ನು ತಿನ್ನಿ ಅಂದಿದ್ದರು ಡಾಕ್ಟರು. ಚಿಗವ್ವ ಹುರಿಗಡಲೆ ಪುಟಾಣಿಯನ್ನೇ ತರಿಸಿಕೊಂಡಿದ್ದಾಳೆ.

ಮಾರೇಶನಿಗೆ ನಾನೇ ಫೋನ್ ಮಾಡಿದ್ದೆ, ತಪ್ಪಾಯಿತು ಅಂತ. "ಹಲ್ಲಿನ ಸುದ್ದಿ ಎತ್ತಂಗಿಲ್ಲ ಬಿಡ್ರಿ ಅಂಕಲ್" ಅಂದ. ಬಂದ. ಭಾಗ್ಯಳೂ ಬಂದಳು. ಅನುಷಾ ಹರಿದ ನಕ್ಷೆಗೆ ಟೇಪು ಅಂಟಿಸಿದ್ದಳು. ಚಿಗವ್ವ ಮಾಳಿಗೆ ಹತ್ತಿ ಬಂದು ಗೋಡೆಗೊರಗಿ ಕೂತಳು. ಕಟಂ ಕಟಂ ಎಂದು ಪುಟಾಣಿ.

ನನ್ನ ಹೊಸ ಕಸುಬು ಗಿಣಿ ಶಾಸ್ತ್ರ. ಕೈ — ಗಿಣಿ ಕಚ್ಚಿದ ಗಾಯ, ಪಾಸ್. ಸಾಮಾನು — ಪಂಜರ, ಇಸ್ಪೀಟಿನಷ್ಟು ದೊಡ್ಡ ಚೀಟಿಗಳು, ಪಾಸ್.

"ನಿನ್ನನ್ನು ಬಲ್ಲವರು ಯಾರು?" ಅನುಷಾ ಕಾವಲುಗಾರನ ದನಿ ತೆಗೆದು ಕೇಳಿದಳು. ದಾಳ ಉರುಳಿಸಿದೆ. ಒಂದು.

"ಯಾರೂ ಇಲ್ಲ. ಮತ್ತ ಸಿಕ್ಕಿಬಿದ್ದಿ ಅಪ್ಪಾ."

ಪುಟಾಣಿ ಸದ್ದು ನಿಂತಿತು. "ನಾ ಬಲ್ಲೆ ಇವನ್ನ" ಅಂದಳು ಚಿಗವ್ವ. "ಬಿಡ್ರಿ ಒಳಗ. ಚಲೋ ಕೂಸು."

"ಅಜ್ಜಿ, ನೀವು ಆಟದಾಗಿಲ್ಲ" ಅಂದ ಮಾರೇಶ.

"ಅದೀನಲೇ. ನಿನಗಿಂತ ಮೊದ್ಲಿಂದ."

ಎಲ್ಲರೂ ನಕ್ಕರು. ಅವಳೂ. ಸೆರಗು ಒತ್ತದೆ ನಕ್ಕಳು — ನೋಡಿದ್ದು ಇದೇ ಮೊದಲು. ಕೂಸು. ಅಂದು ಕಟ್ಟೆಯ ಮುಂದೆಯೂ ಅದೇ ಮಾತು. ನಾನು ಹೇಳದೆ ಹೋದದ್ದನ್ನು ಅವಳು ನನಗಾಗಿ ಹೇಳಿ ಮತ್ತೆ ಪುಟಾಣಿಗೆ ಕೈ ಹಾಕಿದಳು.

"ಅನುಷಾ, ದಾಳ ಕೆಳಗಿಡು" ಅಂದೆ. ದನಿ ಏರಿರಬೇಕು. ಮಾರೇಶ ಚಪ್ಪಲಿಯ ಕಡೆ ನೋಡಿದ.

"ಸುಮ್ಕಿರಲೇ" ಅಂದಳು ಚಿಗವ್ವ, ಮೆಲ್ಲಗೆ. "ಬ್ಯಾಡ."

ಇದ್ದದ್ದು ಸಾಕು, ಸುಮ್ಮನೆ. ಅನುಷಾ ಕಾಯುತ್ತಿದ್ದಳು. ಕಾವಲುಗಾರನ ಮುಖ ಇನ್ನೂ ಕಳಚಿರಲಿಲ್ಲ. ಅದೇ ಮುಖಕ್ಕೆ ಹೇಳಲು ಸುಲಭವಾಯಿತೇನೋ.

"ಅಜ್ಜಿಗೆ ಬೋರಿಂಗ್ ಹ್ಯಾಂಡಲ್ ಬಡಿದಿಲ್ಲ" ಅಂದೆ. "ನಿಮ್ ತಾತ… ತಾತಂದು ಆಮೇಲೆ. ಮೊದ್ಲು ನಂದು. ನನಗ ಹನ್ನೊಂದು ವರ್ಷ. ನಾ ಗದ್ದಿಗೆ ಹೋಗಿ, ಇವಳ ಕೈ ಹಿಡ್ಕೊಂಡು ಕಟ್ಟೆ ಮುಂದ ಕರ್ಕೊಂಡು ಬಂದೆ."