ಕೋಷಿನನಿಗೆ ತೊಡಿಸಿದ ಪೇಟ

ಅಕ್ಟೋಬರ್ 3, ಶುಕ್ರವಾರ

ತಂಗಿ ಸ್ವರ್ಣಲತಾ, ಹೇಗಿದ್ದಿ? ಮೊಣಗಂಟಿನ ನೋವು ಇಳಿಯಿತಾ? ಭಾವನ ಕೆಮ್ಮು? ಸುಶಾಂತನಿಗೆ ಹೊಸ ಕನ್ನಡಕ ಹೊಂದಿತಾ? ಸೊಸೆ ಅಶ್ವಿತಾ ಸರಿಯಾಗಿ ಉಣ್ಣುತ್ತಾಳಾ — ಬಸುರಿ ಹೆಂಗಸು, ಡಯಟ್ ಅಂತ ಅರ್ಧ ದೋಸೆಗೆ ಏಳಬಾರದು, ಅಣ್ಣ ಹೇಳಿದ ಅಂತ ಹೇಳು. ನಾನು ಕ್ಷೇಮ. ಬಿಪಿ ಮಾತ್ರೆ ತಪ್ಪಿಸುವುದಿಲ್ಲ.

ಇದನ್ನು ಕಳಿಸುವುದಿಲ್ಲ, ಬಿಡು. ಅಂಚೆ ಹೋಯಿತು, ಕಾಗದ ಬರೆಯುವ ಅಭ್ಯಾಸ ಮಾತ್ರ ಹೋಗಲಿಲ್ಲ. ಫೋನಿನಲ್ಲಿ "ಊಟ ಆಯ್ತಾ" ಕೇಳುವುದರೊಳಗೆ ಮಾತು ಮುಗಿಯುತ್ತದೆ. ಉಳಿದದ್ದು ಈ ಡೈರಿಗೆ. ನಾಲ್ಕನೇ ಕ್ಲಾಸಿನ ಅಕ್ಷರ... ಓದಿ ನಗುವವರು ಯಾರೂ ಇಲ್ಲ.

ಬೆಳಿಗ್ಗೆ ಮೆಸ್‌ನಲ್ಲಿ ಎಲ್ಲರಿಗೂ ನೀರ್ದೋಸೆ ಹೊಯ್ದೆ. ಆಮೇಲೆ ನಮ್ಮ ಪ್ಲಾಂಟ್ ಇರುವ ಮೆಸಯೀದ್‌ನಿಂದ ಕಂಪನಿ ಬಸ್ಸಿನಲ್ಲಿ ದೋಹಾ. ಕೋಷಿನ್ ಕರೆದಿದ್ದ. ಅವನ ವಿಷಯ ಫೋನಿನಲ್ಲಿ ಹೇಳಿದ್ದೆನಲ್ಲ — ಸೊಮಾಲಿಯಾದವ, ನಮ್ಮ ಪ್ಲಾಂಟಿನಲ್ಲಿ ಇಂಜಿನಿಯರ್, ಮಂಗಳೂರಿನಲ್ಲಿ ಓದಿದ್ದು. ಕನ್ನಡ ಬರುತ್ತದೆ, ತುಳುವಿನಲ್ಲಿ ಬೈಯಲು ಇನ್ನೂ ಚೆನ್ನಾಗಿ ಬರುತ್ತದೆ. ಮೀನುಸಾರು ಅನ್ನದ ಜೊತೆ ಬಾಳೆಹಣ್ಣು ಬೇಕು. ಅವರಲ್ಲಿ ಹಾಗಂತೆ. ದಿನಾ ಒಂದು ತೆಗೆದಿಡುತ್ತೇನೆ.

ಅವರಲ್ಲಿ ಪಾರ್ಲಿಮೆಂಟಿನ ಸೀಟು ಕುಲಕ್ಕೆ ಇಷ್ಟು ಅಂತ ಹಂಚಿಕೆ. ಕುಲದೊಳಗೆ ಮನೆತನ, ಅದರೊಳಗೆ ಕವಲು. ಈ ಸಲ ಇವನ ಕವಲಿನವರಿಗೆ ಒಂದು ಸಿಕ್ಕಬಹುದಂತೆ. ದೋಹಾದಲ್ಲಿರುವ ಅವರ ಹಿರಿಯರು ಸೇರಿ ಕೋಷಿನ್ ಹೆಸರು ಹಿಡಿದಿದ್ದಾರೆ. ಅದಕ್ಕೇ ಇವತ್ತಿನ ಊಟ.

ಬರಿಗೈಯಲ್ಲಿ ಹೇಗೆ ಹೋಗುವುದು? ಇಲ್ಲಿಯ ನಮ್ಮ ಊರಿನವರ ಸಂಘದ ಕಪಾಟಿನಲ್ಲಿ ಮೈಸೂರು ಪೇಟ, ಶಾಲು, ಗಂಧದ ಹಾರ ಉಂಟು. ಸಂಘ ಎರಡಾದ ಮೇಲೆ ಸನ್ಮಾನವೂ ನಿಂತಿದೆ — ವೇದಿಕೆಯಲ್ಲಿ ಯಾರು ಕುಳಿತುಕೊಳ್ಳುವುದು ಅಂತ ಒಡೆದದ್ದಲ್ಲವಾ. ಅದನ್ನೇ ಗಂಟು ಕಟ್ಟಿಕೊಂಡು ಹೋದೆ.

ಅವರ ದೊಡ್ಡವರು ಹಾಜಿ ಎಲ್ಮಿ. ಹಿಂದೆ ಮುಂಬೈಯಲ್ಲಿ ಹಡಗಿನ ಏಜೆಂಟ್ ಆಗಿದ್ದವರು, ಹಿಂದಿ ಮಾತಾಡುತ್ತಾರೆ. "ನೀವು ಯಾವ ಕುಲ?" ಕೇಳಿದರು. ನಮ್ಮ ತುಳುವರಲ್ಲಿ ಕುಲಕ್ಕೆ ‘ಬರಿ’ ಅನ್ನುವುದು ಅಂತ ಹೇಳಿದೆ. ಅದು ತಾಯಿಯಿಂದ ಬರುವುದು, ನನ್ನ ವಾರಸುದಾರ ತಂಗಿಯ ಮಗ ಅಂದೆ. ಮೇಜಿನವರೆಲ್ಲ ನಕ್ಕರು. ಕೋಷಿನ್ ಎದ್ದು ನಿಂತು ಅಪ್ಪ, ಅಜ್ಜ, ಮುತ್ತಜ್ಜ ಅಂತ ಹೆಸರು ಹೇಳುತ್ತಾ ಹೋದ, ಉಸಿರು ತೆಗೆಯದೆ. ಒಂದೂ ಹೆಣ್ಣಿನ ಹೆಸರಿಲ್ಲ.

ಆಮೇಲೆ ನಾನು ಪೇಟ ತೊಡಿಸಿದೆ, ಶಾಲು ಹೊದೆಸಿದೆ. ಎತ್ತರದ ಹುಡುಗ, ಬಗ್ಗಿ ತಲೆ ಕೊಟ್ಟ. ರಾಜನ ಹಾಗೆ ಕಂಡ, ಸ್ವರ್ಣಾ. ಎಲ್ಲರ ಮೊಬೈಲೂ ಮೇಲೆ.

ಅಕ್ಟೋಬರ್ 6, ಸೋಮವಾರ

ಆ ಫೋಟೊ ಎಲ್ಲೆಲ್ಲೋ ಹೋಗಿದೆಯಂತೆ. ಲಂಡನ್, ನೈರೋಬಿ, ಅವನ ಊರು. "ದೇಜಪ್ಪಣ್ಣ, ನೀವು ನನ್ನನ್ನು ಸುಲ್ತಾನ ಮಾಡಿದ್ರಿ" ಅಂದ ಕೋಷಿನ್. ನಮ್ಮ ಆಫೀಸಿನ ಕ್ಲಾರ್ಕ್ ಅಲೋಶಿಯಸ್, "ನಲವತ್ತು ವರ್ಷ ಆಯ್ತು, ನಮಗೆ ಒಂದು ಶಾಲು ಹಾಕ್ಲಿಲ್ಲ ನೀನು" ಅಂತ ಕೊಂಕು. ನೀನು ಮೊದಲು ಸಾಯಿ, ಹಾಕುತ್ತೇನೆ ಅಂದೆ.

ಖುಷಿ ಆಯಿತು. ಎರಡು ಬಾಳೆಹಣ್ಣು ಇಟ್ಟೆ.

ಅಕ್ಟೋಬರ್ 16, ಗುರುವಾರ

ಕೋಷಿನ್ ಎರಡು ಹೊತ್ತು ಊಟಕ್ಕೆ ಬರಲಿಲ್ಲ. ತಟ್ಟೆ ಹಿಡಿದು ಅವನ ಕ್ವಾರ್ಟರ್ಸ್‌ಗೆ ಹೋದೆ. ಎಸಿ ಬಂದ್ ಮಾಡಿ ಬೆವರುತ್ತಾ ಕುಳಿತಿದ್ದ.

ಊರಲ್ಲಿ ಕೊಲೆ. ನೀರಿನ ಟ್ಯಾಂಕ್ ಯಾರ ಜಾಗದಲ್ಲಿ ಅಂತ ಜಗಳ. ಇವನ ಕವಲಿನ ಒಬ್ಬ ಪೋಲಿ ಹುಡುಗ ಗುಂಡು ಹಾರಿಸಿದ. ಸತ್ತದ್ದು ಇನ್ನೊಂದು ಕುಲದ ಹೆಡ್‌ಮಾಸ್ಟರ್. ಆ ಕುಲ ಯಾರದ್ದು ಗೊತ್ತುಂಟಾ — ಇವನ ತಾಯಿಯ ತವರು.

"ಆ ಹುಡುಗನನ್ನು ಪೊಲೀಸ್ ಹಿಡಿಯಲಿ, ನಿನಗೇನು?" ಅಂದೆ.

"ಅವನು ಓಡಿಹೋದ. ಅವನು ಅವರಿಗೆ ಬೇಡ, ದೇಜಪ್ಪಣ್ಣ. ಹೆಡ್‌ಮಾಸ್ಟರ್ ಸತ್ತದ್ದಕ್ಕೆ ಒಂದು ಪೋಲಿ ಯಾಕೆ? ಸೇಡು ಅಂದ್ರೆ ಸಮ ಆಗ್ಬೇಕು. ನಮ್ಮ ಕಡೆ ಅಷ್ಟು ತೂಕದವ ಯಾರು ಅಂತ ನೋಡ್ತಾರೆ."

"ಒಂಟೆ ಕೊಟ್ಟು ರಾಜಿ ಆಗುತ್ತದೆ ಅಂತ ನೀನೇ ಹೇಳಿದ್ದಿ."

"ಹಿರಿಯರು ಹಾಗೆ ಮಾಡ್ತಾರೆ. ಸತ್ತವನ ತಮ್ಮಂದಿರು ಒಪ್ಪಲಿಲ್ಲ."

ಗೋಡೆ ನೋಡಿದೆ. ಪೇಟವನ್ನು ಮೊಳೆಗೆ ನೇತು ಹಾಕಿದ್ದಾನೆ, ಜರಿ ಮುಂದೆ ಕಾಣುವ ಹಾಗೆ. ಅನ್ನ ಕಲಸಿ ಕೊಟ್ಟೆ. ಒಂದು ತುತ್ತು ತಿಂದ.

ಅಕ್ಟೋಬರ್ 24, ಶುಕ್ರವಾರ

ಇವತ್ತು ಕೋಷಿನ್ ನಗುತ್ತಾ ಬಂದ. ಅವನ ಅಮ್ಮ, ಹೆಸರು ಫಡುಮೊ, ಊರಿಡೀ ಮಗನನ್ನು ಹಳಿದುಕೊಂಡು ತಿರುಗುತ್ತಿದ್ದಾಳಂತೆ. ಬಾವಿಕಟ್ಟೆಯಲ್ಲಿ, ಅಂಗಡಿಯಲ್ಲಿ, ಮದುವೆಮನೆಯಲ್ಲಿ. ನನ್ನ ಮಗ ಉಪಯೋಗಕ್ಕಿಲ್ಲದವ. ಇಂಡಿಯಾದಲ್ಲಿ ಫೇಲ್ ಆದವ. ಇಂಜಿನಿಯರ್ ಅಂತೆ, ಸುಳ್ಳು, ಕತಾರ್‌ನಲ್ಲಿ ಪಾತ್ರೆ ತೊಳೆಯುತ್ತಾನೆ.

"ನಿಮ್ಮ ಮೆಸ್‌ನಲ್ಲೇ ಅಂತೆ" ಅಂದ. ನಕ್ಕೆವು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಹೆತ್ತವಳು, ಸ್ವರ್ಣಾ. ಅವನು ಪಾಸಾದಾಗ ಇದೇ ಊರಿಗೆ ಸಿಹಿ ಹಂಚಿದವಳಂತೆ.

ಸಂಜೆ ಸ್ಪೀಕರ್‌ನಲ್ಲಿ ಅವಳ ಹತ್ತಿರ ಮಾತಾಡಿದೆ. ನಡುವೆ ಕೋಷಿನ್ ಕನ್ನಡ ಮಾಡಿ ಹೇಳಿದ. ಸಲಾಂ ಅಂದೆ, ಆರೋಗ್ಯ ಕೇಳಿದೆ. ಅವಳು ಕೇಳಿದ್ದು ಒಂದೇ.

"ಬಟ್ಟೆಯ ಕಿರೀಟ ಇಟ್ಟದ್ದು ನೀನಾ?"

"ಹೌದಮ್ಮ. ನಮ್ಮಲ್ಲಿ ಪ್ರೀತಿಯವರಿಗೆ ಹಾಗೆ ಮಾಡುತ್ತೇವೆ."

"ಪ್ರೀತಿಯೇ ಇರಬಹುದು. ಇಲ್ಲಿ ಆ ಫೋಟೊ ಎರಡೂ ಕಡೆಯವರ ಮೊಬೈಲಿನಲ್ಲಿ ಉಂಟು. ಇಟ್ಟವನೇ ತೆಗೆ."

ಕೊನೆಯದ್ದನ್ನು ಕನ್ನಡ ಮಾಡಲು ಕೋಷಿನ್ ತಡ ಮಾಡಿದ. ಹೇಗೆ ತೆಗೆಯುವುದು ಅಂತಲೇ ಯೋಚಿಸುತ್ತಾ ದೋಸೆಗೆ ಅಕ್ಕಿ ನೆನೆಹಾಕಿದೆ.

ಅಕ್ಟೋಬರ್ 25, ಶನಿವಾರ

ಒಂದು ಉಪಾಯ ಹೊಳೆಯಿತು. ಅಮ್ಮ ಹೇಳಿದ್ದನ್ನು ನಿಜ ಮಾಡುವುದು.

ಕೋಷಿನನಿಗೆ ನನ್ನ ಹಳೇ ಏಪ್ರನ್ ಕಟ್ಟಿದೆ. ಸಿಂಕಿನ ಮುಂದೆ ನಿಲ್ಲಿಸಿದೆ. ಸಾರಿನ ದೊಡ್ಡ ಪಾತ್ರೆ, ಮುಖಕ್ಕೆ ಸ್ವಲ್ಪ ಮಸಿ. ಅಲೋಶಿಯಸ್ ಫೋಟೊ ತೆಗೆದ. "ಇನ್ನೂ ಸ್ವಲ್ಪ ದರಿದ್ರ ಮುಖ ಮಾಡು ಮಾರಾಯ, ನಿನ್ನದು ಸ್ಯಾಲರಿ ಬಂದ ದಿನದ ಮುಖ" ಅಂತ ಅವನ ನಿರ್ದೇಶನ ಬೇರೆ. ಕೋಷಿನ್ ಪಾತ್ರೆಯನ್ನು ನಿಜಕ್ಕೂ ತೊಳೆದ. ಚೆನ್ನಾಗಿಯೇ ತೊಳೆದ, ಹಾಸ್ಟೆಲ್ ಕಲಿಸಿದ್ದಂತೆ.

ಫೋಟೊ ಅಮ್ಮನಿಗೆ ಹೋಯಿತು, ಊರಿಗೆ ತೋರಿಸಲಿ ಅಂತ. ಕಲ್ಲು ಇಳಿಸಿದ ಹಾಗಾಯಿತು. ನಿದ್ದೆ ಬರಬಹುದು.

ಅಕ್ಟೋಬರ್ 28, ಮಂಗಳವಾರ

ಖಲಾಸ್. ಎಲ್ಲ ಉಲ್ಟಾ.

ಅವರ ಗ್ರೂಪಿನಲ್ಲಿ ಪೇಟದ ಫೋಟೊ ಒಂದು ಕಡೆ, ಪಾತ್ರೆಯ ಫೋಟೊ ಇನ್ನೊಂದು ಕಡೆ ಸೇರಿಸಿ ಯಾರೋ ಹಾಕಿದ್ದಾರೆ. ಕೆಳಗೆ ಬರೆದದ್ದನ್ನು ಕೋಷಿನ್ ಓದಿ ಹೇಳಿದ: ಇಂಥವನು ನಾಯಕ, ಕೂಲಿಗಳ ಪಾತ್ರೆ ತೊಳೆಯಲೂ ನಾಚುವುದಿಲ್ಲ. ನೂರಾರು ಜನ ಹೃದಯ ಒತ್ತಿದ್ದಾರೆ.

ಅಮ್ಮ ಫೋನ್ ಇಟ್ಟುಬಿಟ್ಟಳಂತೆ. ಬೈದಿದ್ದರೆ ಸಮಾಧಾನ ಇತ್ತು.

ಅಕ್ಟೋಬರ್ 31, ಶುಕ್ರವಾರ

ಕೋಷಿನನಿಗೆ ಹೇಳದೆ ಹಾಜಿ ಎಲ್ಮಿಯ ಮನೆಗೆ ಹೋದೆ, ದೋಹಾದ ಅಬು ಹಮೂರ್‌ನಲ್ಲಿ. ಶುಕ್ರವಾರ, ಆ ಕಡೆಯ ಬಸ್ಸಿಡೀ ನಮ್ಮ ಕೊಂಕಣಿಯವರು ಇಗರ್ಜಿಯ ಪೂಜೆಗೆ ಹೋಗುವವರು. ಒಬ್ಬಳು ಎದ್ದು ಸೀಟು ಕೊಟ್ಟಳು. ಅಷ್ಟು ಮುದುಕನಾಗಿ ಕಾಣುತ್ತೇನೆ.

ಊರಲ್ಲಿ ಎರಡೂ ಕಡೆಯ ಹಿರಿಯರು ಮರದ ಕೆಳಗೆ ಕೂರುತ್ತಾರಂತೆ, ಸಂಧಾನಕ್ಕೆ. ಅಲ್ಲಿ ಈ ಕಡೆಯಿಂದ ಮಾತಾಡಲು ಕೋಷಿನ್ ಹೋಗಬೇಕು ಅಂತ ದೋಹಾದಲ್ಲಿ ತೀರ್ಮಾನ. ಅದನ್ನು ತಪ್ಪಿಸಲು ಹೋದದ್ದು ನಾನು.

ಚಹಾ ಬಂತು. ಶುರು ಮಾಡಿದೆ. "ಹಾಜಿ ಸಾಬ್, ಆ ಹುಡುಗ ನಿಮಗೆ ಬೇಡ. ಮುಂಗೋಪಿ. ಕೆಲಸಗಳ್ಳ. ಸಾಲ ಮಾಡುತ್ತಾನೆ. ಸ್ವಲ್ಪ ಕುಡಿಯುತ್ತಾನೆ ಕೂಡ."

ಅವರು ಪೂರ್ತಿ ಕೇಳಿದರು. "ಕಿರೀಟ ಇಟ್ಟವರು ನೀವು."

"ಆಗ ಗೊತ್ತಿರಲಿಲ್ಲ."

"ದೇಜಪ್ಪ ಭಾಯಿ, ನಿಮಗೆ ಸುಳ್ಳು ಹೇಳಲು ಬರುವುದಿಲ್ಲ. ಚಹಾ ಕುಡಿಯಿರಿ."

ಆಮೇಲೆ ನಾನು ನಮ್ಮ ‘ಬರಿ’ಯ ಮಾತು ತೆಗೆದೆ. ನಮ್ಮಲ್ಲಾಗಿದ್ದರೆ ಅವನು ತಾಯಿಯ ಕಡೆಯವ. ಸತ್ತವರ ಮನೆಯ ಅಳಿಯ. ತಂಗಿಯ ಮಗನ ಮೇಲೆ ಯಾವ ಮಾವ ಕೈ ಎತ್ತುತ್ತಾನೆ?

"ಅದಕ್ಕೇ ಅವನನ್ನು ಕಳಿಸುವುದು" ಅಂದರು ಹಾಜಿ. "ಅವನ ಮಾತಿಗೆ ಅವರು ಕಿವಿ ಕೊಡಬಹುದು. ಆದರೆ ನಮ್ಮಲ್ಲಿ ಮಗ ತಂದೆಯ ಲೆಕ್ಕಕ್ಕೆ. ತಾಯಿ ಕಡೆಯವರು ಅಳುತ್ತಾರೆ, ಅಷ್ಟೆ."

"ನೀವೇ ಬೇಡ ಅಂತ ಒಂದು ಮಾತು ಹೇಳಬಹುದಲ್ಲ?"

ಹಾಜಿ ತಮ್ಮ ಚಹಾದ ಲೋಟ ಎತ್ತಿಕೊಂಡರು. "ಹೇಳಿದರೆ ಊರಲ್ಲಿ ಏನನ್ನುತ್ತಾರೆ ಗೊತ್ತಾ? ದೋಹಾದವರು ಎಸಿಯಲ್ಲಿ ಕುಳಿತು ತಮ್ಮ ಒಳ್ಳೆಯವರನ್ನು ಬಚ್ಚಿಟ್ಟರು, ಊರಿನ ಮಕ್ಕಳನ್ನು ಮುಂದೆ ನಿಲ್ಲಿಸಿದರು. ಸಂಧಾನ ಮುರಿಯುತ್ತದೆ. ಆಗ ಒಬ್ಬನಲ್ಲ, ಹತ್ತು ಜನ. ನನ್ನ ಅಣ್ಣನ ಮಕ್ಕಳು ಅಲ್ಲೇ ಇದ್ದಾರೆ." ಲೋಟ ಕೆಳಗಿಟ್ಟರು. "ನನಗೆ ಅವನು ಬೇಡದವನು ಅಂದುಕೊಂಡಿರಾ?"

ಬೈಯಬೇಕು ಅಂತ ಹೋದವ. ಬೈಯಲು ಅಲ್ಲಿ ಯಾರೂ ಸಿಗಲಿಲ್ಲ. ಬಾಗಿಲವರೆಗೆ ಬಂದು ನನ್ನ ಚಪ್ಪಲಿಯನ್ನು ಅವರೇ ನೇರ ಮಾಡಿ ಇಟ್ಟರು.

ನವೆಂಬರ್ 9, ಭಾನುವಾರ

ಹೊರಟ.

ಬೇಡ ಅಂತ ಹೇಳಲು ಏನೆಲ್ಲ ಜೋಡಿಸಿ ಇಟ್ಟುಕೊಂಡಿದ್ದೆ. ಮೆಸ್‌ನಲ್ಲಿ ಊಟಕ್ಕೆ ಕುಳಿತಾಗ ಅವನೇ ಹೇಳಿದ, "ದೇಜಪ್ಪಣ್ಣ, ಹೋಗದಿದ್ರೆ ನನ್ನ ಬದಲು ಇನ್ನೊಬ್ಬನ ಹೆಸರು ಬರ್ತದೆ. ನನ್ನ ಚಿಕ್ಕಪ್ಪನ ಮಗ, ಊರಲ್ಲೇ ಡಾಕ್ಟರ್. ಅವನಿಗೆ ಮೂರು ಮಕ್ಕಳು." ಮೀನು ಇನ್ನೊಂದು ಹಾಕಿದೆ.

ಸೋದರಮಾವ ಸಯೀದ್ ಏರ್‌ಪೋರ್ಟಿಗೆ ಬರುತ್ತಾರಂತೆ. ಉಳಿಯುವುದು ಮಾವನ ಮನೆಯಲ್ಲೇ. ಅಲ್ಲಿರುವವರೆಗೆ ಏನೂ ಆಗದು ಅಂತ ಅವನ ನಂಬಿಕೆ. "ಮರದ ಹತ್ತಿರ ಹೋಗುವ ದಾರಿಯಲ್ಲಿ?" ಕೇಳಿದೆ. "ಯಲ್ಲಾ, ಹೊರಡುವ, ಬಸ್ ಬಂತು" ಅಂದ.

ಬ್ಯಾಗಿನಿಂದ ಪೇಟ ತೆಗೆದು ಕೊಟ್ಟ. "ಇದು ನಿಮ್ಮ ಹತ್ತಿರ ಇರಲಿ. ಬಂದು ತಕೊಳ್ತೇನೆ." ಆಮೇಲೆ ಅವರ ಭಾಷೆಯಲ್ಲಿ "ಅಬ್ತಿ" ಅಂದ. ತಾಯಿಯ ಅಣ್ಣತಮ್ಮಂದಿರಿಗೆ ಹೇಳುವುದಂತೆ. ಮಾವ ಅಳಿಯನನ್ನು ಕರೆಯುವುದೂ ಅದೇ ಮಾತಿನಲ್ಲಿ. ಸುಶಾಂತ ಮಾವಾ ಅಂತ ಕರೆದರೆ ನಾನು ಮಾವಾ ಅಂತ ಓಗೊಟ್ಟ ಹಾಗೆ.

ನಾನು ತಿರುಗಿ ಅನ್ನಲಿಲ್ಲ. ನಾಚಿಕೆಯೋ ಏನೋ. ಬಸ್ ಗೇಟು ದಾಟಿತು.

ನವೆಂಬರ್ 12, ಬುಧವಾರ

ಮೆಸೇಜ್ ಬಂತು. "ಮುಟ್ಟಿದೆ. ಅಮ್ಮ ಎಲ್ಲರ ಮುಂದೆ ಬೈದಳು, ಒಳಗೆ ಕರೆದು ಒಂಟೆಹಾಲು ಕೊಟ್ಟಳು. ನಾಳೆ ಮಾತುಕತೆ. ಇಲ್ಲಿಯ ಬಾಳೆಹಣ್ಣು ನಿಮ್ಮದಕ್ಕಿಂತ ಚೆನ್ನಾಗಿದೆ."

ಸುಳ್ಳ. ನಾನು ಇಡುವುದು ಒಳ್ಳೆಯ ಜಾತಿಯದ್ದೇ.

ನವೆಂಬರ್ 14, ಶುಕ್ರವಾರ

ನಿನ್ನೆ ನಾನು ಕಳಿಸಿದ ಮೆಸೇಜಿಗೆ ಒಂದೇ ಗೀಟು, ಅವನಿಗೆ ಮುಟ್ಟಿಲ್ಲ. ಇವತ್ತಿನದ್ದಕ್ಕೂ ಒಂದೇ. ಹಾಜಿ ಎಲ್ಮಿಗೆ ಫೋನ್ ಮಾಡಿದೆ. ಅಲ್ಲಿ ನೆಟ್‌ವರ್ಕ್ ಇಲ್ಲ, ತನಗೂ ಏನೂ ಗೊತ್ತಿಲ್ಲ ಅಂದರು. ದನಿ ಬೇರೆಯಾಗಿತ್ತು. ವಯಸ್ಸಾದವರ ದನಿ ಶುಕ್ರವಾರ ಹಾಗೇ ಇರುತ್ತದೆ, ಮನೆಗೆ ಬಂದವರ ಹತ್ತಿರ ಮಾತಾಡಿ ದಣಿದು.

ಸ್ವರ್ಣಾ, ನೀನು ಫೋನಿನಲ್ಲಿ "ಯಾಕಣ್ಣ ಸಪ್ಪೆ" ಕೇಳಿದಿ. ಏನಿಲ್ಲ ಅಂದೆ.

ನವೆಂಬರ್ 18, ಮಂಗಳವಾರ

ಫಡುಮೊ ಅಮ್ಮನ ನಂಬರ್ ನನ್ನಲ್ಲಿತ್ತು. ಒತ್ತಿದೆ, ಲೈನು ಸಿಕ್ಕಿತು. ಅವಳೇ ಎತ್ತಿದಳು. ಈ ಕಡೆ ಕನ್ನಡ ಮಾಡುವವನಿಲ್ಲ. ನಾನು "ಕೋಷಿನ್?" ಅಂದೆ. ಅವಳು ತುಂಬ ಹೇಳಿದಳು, ಒಂದೇ ಸಮನೆ. ನಡುವೆ ನಡುವೆ ಅವನ ಹೆಸರು ಬಂತು. ಹಳಿಯುತ್ತಿದ್ದಾಳಾ, ಹೊಗಳುತ್ತಿದ್ದಾಳಾ — ಗೊತ್ತಾಗಲಿಲ್ಲ. ಹಳಿಯುವ ದನಿಯಾಗಿರಲಿ ಅಂತ ದೈವಗಳನ್ನೆಲ್ಲ ನೆನೆದೆ. ಹಳಿಯುತ್ತಿದ್ದರೆ ಅವನು ಇದ್ದಾನೆ.

ಹಾಜಿ ಎಲ್ಮಿ ಫೋನ್ ಎತ್ತುವುದಿಲ್ಲ.

ನವೆಂಬರ್ 21, ಶುಕ್ರವಾರ

ಅಬ್ತಿ ಕೋಷಿನ್,

ಹೇಗಿದ್ದಿ? ಅಮ್ಮ ಫಡುಮೊ ಹೇಗಿದ್ದಾರೆ? ಮಾವ ಸಯೀದ್ ಕ್ಷೇಮವಾ? ಡಾಕ್ಟರ್ ತಮ್ಮ, ಅವನ ಮೂರು ಮಕ್ಕಳು? ಹೆಡ್‌ಮಾಸ್ಟರರ ಮನೆಯವರು ಹೇಗಿದ್ದಾರೆ — ಅವರನ್ನೂ ಕೇಳಿದೆ ಅಂತ ಹೇಳು.

ಇಲ್ಲಿ ಚಳಿ ಶುರುವಾಯಿತು. ಅಲೋಶಿಯಸ್ ದಿನಾ ನಿನ್ನ ಕುರ್ಚಿಯಲ್ಲಿ ಕುಳಿತುಕೊಳ್ಳಲು ನೋಡುತ್ತಾನೆ, ಎಬ್ಬಿಸುತ್ತೇನೆ. ಬಾಳೆಹಣ್ಣು ತೆಗೆದಿಡುವುದನ್ನು ನಿಲ್ಲಿಸಿಲ್ಲ. ಪೇಟವನ್ನು ಬಿಚ್ಚಿದ್ದೇನೆ. ಹೊಲಿಗೆ ಬಿಡಿಸಿದರೆ ಅದು ಬರೀ ಉದ್ದದ ಬಟ್ಟೆ, ಮಾರಾಯ. ಅಮ್ಮನಿಗೆ ಹೇಳು, ಇಟ್ಟವನೇ ತೆಗೆದ ಅಂತ.

ಅಂದು ಬಸ್ಸಿನ ಹತ್ತಿರ ನೀನು ಕರೆದೆ, ನಾನು ಓಗೊಡಲಿಲ್ಲ. ಈಗ ಕರೆಯುತ್ತಿದ್ದೇನೆ. ಉದ್ದ ಬೇಡ, ಒಂದು ಗೆರೆ ಸಾಕು. ತುಳುವಿನಲ್ಲಿ ಬೈದು ಬರೆದರೂ ಆದೀತು. ಬೇಗ ಬರಿ, ಅಬ್ತಿ, ಬೇಗ