ಪಾಸಾದ ನಮ್ಮ ಲೈನು ಯಾರ ಮನೆಗೆ ಹೋಯಿತು?

ಟೆಲಿಫೋನ್ ಕಚೇರಿಯ ದೊಡ್ಡ ಸಾಹೇಬರೇ,

ನಮ್ಮ ಮನೆಯ ಒಳ್ಳೆಯ ಲೈನನ್ನು ಕಿತ್ತು ನೀವು ಬೇರೆಯವರಿಗೆ ಕೊಟ್ಟಿದ್ದೀರಿ. ಲೈನ್ ಪರೀಕ್ಷೆ ಮಾಡಿ ಎಂದು ನಿಮ್ಮ ಬಾಗಿಲಿಗೆ ಬಂದವನು ನಾನೇ. ಒಂಬತ್ತನೇ ಕ್ಲಾಸಿನಲ್ಲಿ ಫೇಲಾಗಿ ಶಾಲೆ ಬಿಟ್ಟವನು ನಾನು. ಫೇಲಾದವರನ್ನು ಹೊರಗೆ ಹಾಕುವುದು ಗೊತ್ತಿತ್ತು, ಪಾಸಾದದ್ದನ್ನು ಕದಿಯುವುದನ್ನು ನಿಮ್ಮಲ್ಲಿ ನೋಡಿದೆ.

ನನ್ನ ಅಕ್ಕ ರಂಶೀನಾಳಿಗೆ ಕಿವಿ ಕೇಳುವುದಿಲ್ಲ. ಹಮೀದ್ ಭಾವ ದುಬಾಯಿಯಲ್ಲಿದ್ದಾರೆ. ಅವರಿಬ್ಬರು ಫೋನಿನಲ್ಲಿ ಎಂತ ಮಾತಾಡುವುದು? ಅದಕ್ಕೇ ಭಾವ ಹಳೆಯ ಕಂಪ್ಯೂಟರ್, ಮೋಡೆಮ್ ಕಳಿಸಿದ್ದು. ಫೋನಿನ ತಂತಿಯಲ್ಲೇ ಅಕ್ಷರ ಹೋಗುತ್ತದೆ, ಬರುತ್ತದೆ. ಅದಕ್ಕೆ ತಕ್ಕ ಲೈನ್ ಉಂಟಾ ನೋಡಿ ಎಂದಾಗ, "ನಿನ್ನ ಅಕ್ಕನ ಜವಾಬ್ದಾರಿ ನನ್ನದು" ಎಂದು ಹೆಗಲು ತಟ್ಟಿದವರು ನೀವು. ಲೈನ್‌ಮ್ಯಾನ್ ಚನಿಯಣ್ಣ ಮೀಟರ್ ಹಿಡಿದು, "ಈ ಕೇಬಲಿನಲ್ಲಿ ನೀರು ಕುಡಿಯದ ಜೋಡಿ ತಂತಿ ಇದೊಂದೇ ಮಾರಾಯ, ಪಾಸ್, ಭಾಗ್ಯ ಉಂಟು ನಿಮ್ಗೆ" ಎಂದರು. ಭಾವನಿಗೆ ರಜೆ ಇದ್ದ ಆ ಶುಕ್ರವಾರ ಅಕ್ಕ ಅನ್ನ ಆರಿಹೋದರೂ ಏಳದೆ, ಪರದೆ ನೋಡಿ ನಗುತ್ತಾ ಕೂತಿದ್ದಳು.

ಮುಂದಿನ ವಾರ ರಸ್ತೆ ಬದಿಯ ಬಂಗ್ಲೆಗೆ ಫ್ಯಾಕ್ಸ್ ಮಿಷನ್ ಬಂತು. ನಮ್ಮ ಜೋಡಿ ತಂತಿ ಅಲ್ಲಿಗೆ ಹೋಯಿತು. "ಮೇಲಿಂದ ಹೇಳಿದ್ರು, ನಾನೆಂತ ಮಾಡ್ಲಿ?" ಎಂದ ಚನಿಯಣ್ಣ ನನ್ನ ಮುಖ ನೋಡಲಿಲ್ಲ. ನಮಗೆ ಸಿಕ್ಕಿದ್ದು ಕರಕರ ಎನ್ನುವ ಜೋಡಿ. ಎರಡು ಸಾಲು ಬರೆಯುವಷ್ಟರಲ್ಲಿ ಮೋಡೆಮ್ ಸಾಯುತ್ತದೆ. ದೂರು ಕೊಟ್ಟರೆ ನಿಮ್ಮವರು ಬಂದು ರಿಸೀವರ್ ಎತ್ತಿದರು.

"ಹಲೋ ಕೇಳ್ತದಲ್ಲ? ಮತ್ತೆಂತ ಬೇಕು ನಿಂಗೆ?"

"ಅಕ್ಕನಿಗೆ ಕೇಳುದಿಲ್ಲ."

"ಅದು ಲೈನಿನ ಕಂಪ್ಲೇಂಟಲ್ಲ ಮಾರಾಯ, ಡಾಕ್ಟ್ರಿಗೆ ತೋರ್ಸು."

ನಿಮ್ಮ ಕಚೇರಿಗೆ ಬಂದು ಇದನ್ನು ಹೇಳಿದಾಗ ನೀವೂ ನಕ್ಕಿರಿ. ನಿಮ್ಮ ಇಲಾಖೆಗೆ ಕಿವಿ ಇದ್ದವರು ಮಾತ್ರ ಗಿರಾಕಿಗಳೇ?

ಕಳೆದ ಶುಕ್ರವಾರ ಭಾವ ಬರೆದರು: "ಮಾತು ಮುಗಿಯುವ ಮೊದಲೇ ಯಾಕೆ ಆಫ್ ಮಾಡ್ತಿ? ನಾನು ಬೇಡವಾದೆನಾ?" ಅಕ್ಕ ಉತ್ತರ ಬರೆಯುವಾಗ ಲೈನ್ ಕಡಿಯಿತು. ನಾನು ಬೂತಿಗೆ ಓಡಿ ದುಬಾಯಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಅವಳ ಮಾತು ನೀನು ಆಡ್ಬೇಡ" ಎಂದು ಭಾವ ಫೋನ್ ಇಟ್ಟುಬಿಟ್ಟರು. ಅಂದಿನಿಂದ ಅಕ್ಕ ಕಂಪ್ಯೂಟರಿನ ಮುಂದೆ ಕೂತಿಲ್ಲ.

ನಮ್ಮ ಜೋಡಿ ವಾಪಸ್ ಕೊಡಿ. ಈ ಶುಕ್ರವಾರ ನೀವೇ ಬನ್ನಿ. ರಿಸೀವರ್ ಮುಟ್ಟಬೇಡಿ. ಅಕ್ಕನ ಪಕ್ಕ ಕೂತು, ಅವಳ ಉತ್ತರ ಪೂರ್ತಿ ಹೋಗುವವರೆಗೆ ಪರದೆ ನೋಡಿ. ನಡುವೆ ಕಡಿದರೆ ದುಬಾಯಿಗೆ ನಿಮ್ಮ ಕೈಯಲ್ಲೇ ಕಾಗದ ಬರೆದು ಕಳಿಸಿ: ಕಡಿದದ್ದು ಅವಳಲ್ಲ, ನಾನು.

ಇಂತಿ,
ಲೈನ್ ಸಿಕ್ಕಿದ ಖುಷಿಗೆ ನಿಮಗೆ ಹಲ್ವ ತಂದುಕೊಟ್ಟಿದ್ದ ದಡ್ಡ,
ರಾಶಿದ್, ಉಪ್ಪಳ