ತೊಂಬತ್ತು ಡಿಗ್ರಿ ದಾಟಿದ ಹೆಗಲು

ಮನೆ, ಊಟದ ಮೇಜು
ಭಾನುವಾರ, ೧೪ನೇ ತಾರೀಕು, ಬೆಳಿಗ್ಗೆ

ಸಕಲ ಗೃಹಾಧಿಕಾರಿಣಿಯಾದ ನನ್ನವಳಿಗೆ,

ಕೆಳಗೆ ಸಹಿ ಮಾಡಿರುವ ಗಂಡನೆಂಬ ಆರೋಪಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ನೀನು ಹೊಸ ಬಣ್ಣ ಹೊಡೆಸಿ, ಕ್ಯಾಲೆಂಡರಿಗೂ ಮೊಳೆ ಹೊಡೆಯಬಾರದೆಂದು ಆಜ್ಞೆ ಹೊರಡಿಸಿದ್ದ ಮಲಗುವ ಕೋಣೆಯ ಗೋಡೆಯ ಮೇಲೆ ನಾನು ಪೆನ್ಸಿಲಿನಿಂದ ಇಪ್ಪತ್ತೆರಡು ಗೆರೆ ಎಳೆದಿದ್ದೇನೆ. ಶಿಕ್ಷೆ ಆಮೇಲೆ ವಿಧಿಸು. ಮೊದಲು ನಿನ್ನ ಸೊಂಟನೋವು ಹೇಗಿದೆ ಹೇಳು. ಬಾಣಂತಿ ನಿದ್ದೆ ಮಾಡುತ್ತಾಳೋ, ಮೊಮ್ಮಗಳು ಮಾಡಗೊಡುತ್ತಾಳೋ? ಅಳಿಯನಿಗೆ ಲಂಗೋಟಿ ಕಟ್ಟಲು ಬಂತೇ? ಮಗುವಿಗೆ, ಅವನಿಗಲ್ಲ.

ನೀನು ಹೊರಡುವಾಗ ಬಲಹೆಗಲು ಸ್ವಲ್ಪ ಹಿಡಿದುಕೊಂಡಿದೆ ಎಂದಿದ್ದೆನಲ್ಲ, ಆ 'ಸ್ವಲ್ಪ' ಸುಳ್ಳು. ಕೈಹಿಡಿದವಳು ಊರಲ್ಲಿಲ್ಲದಾಗ ಇದ್ದ ಕೈಯೂ ಕೈಕೊಟ್ಟಿತು. ತಲೆ ಬಾಚಬೇಕಾದರೆ ಕೈ ತಲೆಯ ಬಳಿಗೆ ಹೋಗದು, ತಲೆಯೇ ಬಗ್ಗಿ ಕೈಯ ಬಳಿಗೆ ಬರಬೇಕು. ಕಾಲೇಜಿನಲ್ಲಿ ಬೋರ್ಡಿನ ಕೆಳಗಿನ ಅರ್ಧದಲ್ಲೇ ಲೆಕ್ಕ ಮಾಡುತ್ತಿದ್ದೆ. ಹಿಂದಿನ ಬೆಂಚಿನವರು ಎದ್ದುನಿಂತು ಬರೆದುಕೊಳ್ಳುತ್ತಿದ್ದರು. ಕೊನೆಗೆ ಪ್ರಿನ್ಸಿಪಾಲರು ಕರೆಸಿ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಸರ್. ಒಂದು ತಿಂಗಳೊಳಗೆ ಕೈ ಮೇಲೆ ಹೋಗ್ಲಿಲ್ಲ ಅಂದ್ರೆ ನಿಮ್ಮನ್ನ ಪರೀಕ್ಷಾ ವಿಭಾಗಕ್ಕೆ ಹಾಕ್ತೀನಿ." ಇಪ್ಪತ್ತೇಳು ವರ್ಷ ಪಾಠ ಹೇಳಿದವನು ಉತ್ತರಪತ್ರಿಕೆಗಳ ಕಟ್ಟು ಕಾಯುತ್ತ ಕೂರುವುದೇ? ಮರುದಿನವೇ ಫಿಸಿಯೋ ಹೆಣ್ಣುಮಗಳ ಮುಂದೆ ಕುಳಿತೆ.

ಅವಳು ಎರಡು ಕಡ್ಡಿಯ ಕೋನಮಾಪಕ ಹಿಡಿದು, ಕೈ ಎತ್ತಿಸಿ, "ಎಪ್ಪತ್ತು ಡಿಗ್ರಿ" ಎಂದು ಬರೆದುಕೊಂಡಳು. ಗಣಿತದ ಮೇಷ್ಟರಾಗಿ ಲಂಬಕೋನಕ್ಕೂ ಯೋಗ್ಯನಲ್ಲದ ಅವಮಾನ ನನ್ನ ಶತ್ರುವಿಗೂ ಬೇಡ. ಮೊದಲು ವಾಚು ಬಿಚ್ಚಿಸಿ, ಹೆಗಲಿನ ಹಿಂದೊಂದು ಮುಂದೊಂದು ದಪ್ಪ ಬಿಲ್ಲೆ ಇಟ್ಟು ಯಂತ್ರ ಹಚ್ಚುತ್ತಾಳೆ. ಚರ್ಮ ಹದವಾಗಿ ಬೆಚ್ಚಗಿರುತ್ತದೆ, ಶಾಖವೆಲ್ಲ ಒಳಗೆ ಮೂಳೆಯ ಸಂದಿಗೆ ಇಳಿಯುತ್ತದೆ. ಅದು ಸ್ವರ್ಗ. ಆಮೇಲೆ ಯಂತ್ರ ಆರಿಸಿ, ಒಂದು ಕೈಯಲ್ಲಿ ಹೆಗಲ ಹಲಗೆಯನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ನನ್ನ ತೋಳನ್ನು ನವಿರಾಗಿ ಎಳೆಯುತ್ತ, ಜಾರಿಸುತ್ತ, ಕೀಲು ಎಲ್ಲಿ ಬೇಡವೆನ್ನುತ್ತದೋ ಅಲ್ಲಿಗೇ ಒಯ್ಯುತ್ತಾಳೆ. ಅದು ಏನೆಂದು ನೀನೇ ಊಹಿಸು. "ಹೆಗಲು ನನ್ ಕೈಗೆ ಬಿಡಿ ಸರ್, ನೀವು ಉಸಿರು ಬಿಡಿ" ಎನ್ನುತ್ತಾಳೆ. ಅದೊಂದನ್ನು ಬಿಡುವುದೇ ಬಾಕಿಯಿತ್ತು. ಆದರೂ ನಿನ್ನ ಗಂಡ ಗಂಡುಗಲಿ. ಇಪ್ಪತ್ತೆರಡು ದಿನವೂ ಹಲ್ಲು ಕಚ್ಚಿ ತುಟಿಪಿಟಕ್ಕೆನ್ನದೆ ಸಹಿಸಿದೆ. ಮನೆಗೆ ಬಂದು, ಅವಳು ಹೇಳಿಕೊಟ್ಟಂತೆ ಬೆರಳುಗಳನ್ನು ಗೋಡೆಯ ಮೇಲೆ ಹಲ್ಲಿಯ ಹಾಗೆ ಹತ್ತಿಸಿ, ಮುಟ್ಟಿದಲ್ಲಿ ಗೆರೆ ಎಳೆದೆ. ಮೊದಲನೆಯದು ಸ್ವಿಚ್ಚಿನ ಪಕ್ಕದಲ್ಲಿದೆ. ಕೊನೆಯದನ್ನು ನೋಡಲು ನೀನು ಸ್ಟೂಲ್ ಹಾಕಿಕೊಳ್ಳಬೇಕು.

ಶುಕ್ರವಾರ ಪ್ರಿನ್ಸಿಪಾಲರು ತರಗತಿಯ ಬಾಗಿಲಲ್ಲಿ ನಿಂತರು. ಬೋರ್ಡಿನ ಎಡತುದಿಯ ಮೇಲ್ಮೂಲೆಯಲ್ಲಿ ಹಿಂದಿನ ಟರ್ಮಿನಲ್ಲಿ ನಾನೇ ಬರೆದಿದ್ದ ತಾರೀಕು ಹಾಗೇ ಉಳಿದಿತ್ತು. ಅದನ್ನು ಒರೆಸಿ, ಅಲ್ಲಿಂದಲೇ ಪ್ರಮೇಯ ಶುರುಮಾಡಿದೆ. ಹಿಂದಿನ ಬೆಂಚಿನಲ್ಲಿ ಒಬ್ಬರೂ ಏಳಲಿಲ್ಲ. ಅದಕ್ಕಿಂತ ದೊಡ್ಡ ಚಪ್ಪಾಳೆ ಯಾವುದಿದೆ? ಬರೆದು ಮುಗಿದರೂ ಕೈ ಮೇಲೇ ಇತ್ತಂತೆ, "ಸಾಕು ಸರ್, ಇಳಿಸಿ. ಕ್ಲಾಸು ನಿಮ್ದೇ" ಎಂದು ಅವರು ಹೋದರು. ಮಾಪಕದ ಲೆಕ್ಕ ಈಗ ನೂರ ಅರವತ್ತೆರಡು.

ಮಗಳಿಗೆ ಆಶೀರ್ವಾದ, ಮೊಮ್ಮಗಳ ಅಂಗಾಲಿಗೆ ಒಂದು ಮುತ್ತು, ಅಳಿಯನಿಗೆ ಧೈರ್ಯ.

ನಿನ್ನ,
ಮೇಲುಗೈ ಸಾಧಿಸಿದ ಮೇಷ್ಟರು

ತಾ.ಕ.: ತುಟಿಪಿಟಕ್ಕೆನ್ನಲಿಲ್ಲ ಎಂದೆನಲ್ಲ, ಅದನ್ನು ಹೊಡೆದುಹಾಕು. ಮೂವತ್ತೊಂದು ವರ್ಷದಲ್ಲಿ "ಏ ಇವಳೇ" ದಾಟದವನು ಅಲ್ಲಿ ದಿನಾ ನಿನ್ನ ಹೆಸರು ಹಿಡಿದು ಅರಚಿದ್ದೇನೆ. ಪರದೆಯಾಚೆ ಮಂಡಿಗೆ ಶಾಖ ಕೊಡಿಸಿಕೊಳ್ಳುವ ಅಜ್ಜಿ ಮೂರನೆಯ ದಿನ ಪರದೆ ಸರಿಸಿ, "ಪಾಪ, ಯಾವಾಗ ತೀರ್ಕೊಂಡ್ರಪ್ಪ ನಿಮ್ಮನೆಯವ್ರು?" ಎಂದರು. ಬಾಯಿ ತೆರೆದರೆ ನೋವಿಗೆ ಅಳುವೇ ಬರುವಂತಿತ್ತು. ಹಾಗಲ್ಲ ಎಂದು ಕೈ ಅಲ್ಲಾಡಿಸಿದೆ, ಎಡಗೈ. ಅವರು ಅದನ್ನು 'ಹೋದಳು' ಎಂದು ತಿಳಿದುಕೊಂಡರು. ಮರುದಿನದಿಂದ ಎಲ್ಲರೂ ಸರದಿಯಲ್ಲಿ ನನ್ನನ್ನೇ ಮುಂದೆ ಬಿಟ್ಟರು. ಕ್ಲಾಸಿಗೆ ಹೊತ್ತಾಗುತ್ತಿತ್ತು, ನಾನೂ ತೆಪ್ಪಗಿದ್ದುಬಿಟ್ಟೆ. ನಾಳೆಯಲ್ಲ, ಮುಂದಿನ ಸೋಮವಾರ ನನ್ನ ಕೊನೆಯ ಚಿಕಿತ್ಸೆ. ಭಾನುವಾರದೊಳಗೆ ಬಂದು, ಒಮ್ಮೆ ನನ್ನ ಜೊತೆ ಅಲ್ಲಿಗೆ ಬಾ. ನಾನೇ ಹೇಳಿದರೆ ನಂಬುವುದಿಲ್ಲ. ನೀನು ಚೆನ್ನಾಗಿದ್ದೀಯ, ಮಗಳ ಮನೆಯಲ್ಲಿದ್ದೀಯ ಎಂದು ನಿನ್ನೆ ಹೇಳಿ ನೋಡಿದೆ. ಅಜ್ಜಿ ನನ್ನ ಬೆನ್ನು ಸವರಿ, "ಮೊದಮೊದ್ಲು ಹಾಗೇ ಅನ್ಸುತ್ತೆ ಕಣಪ್ಪ" ಎಂದರು.